ಗೈರುಹಾಜರಿಯ ಪ್ರಬಂಧ

ದಾದರಿನ ಆಡಳಿತ ಶಿಕ್ಷಣ ಸಂಸ್ಥೆಯಿಂದ ವರ್ಷಕ್ಕೊಮ್ಮೆ ಒಂದು ತೆಳ್ಳಗಿನ ಪುಸ್ತಿಕೆ ಹೊರಬೀಳುತ್ತಿತ್ತು. ‘ನಮ್ಮ ಅಧ್ಯಾಪಕರ ಇತ್ತೀಚಿನ ಸಂಶೋಧನೆ ಮತ್ತು ಪ್ರಕಟಣೆಗಳು’ ಎಂದು ಅದರ ಹೆಸರು. ೧೯೬೯ರಲ್ಲಿ ಹೊಸ ಡೈರೆಕ್ಟರು ಬಂದ ಮೇಲೆ ಶುರುವಾದ ಪದ್ಧತಿ ಅದು. ಅವರು ಅಮೆರಿಕದಲ್ಲಿ ಓದಿ ಬಂದವರು. ಅಧ್ಯಾಪಕ ಪಾಠ ಹೇಳಿದರೆ ಮುಗಿಯಲಿಲ್ಲ, ಬರೆಯಬೇಕು, ಬರೆದದ್ದು ಅಚ್ಚಾಗಬೇಕು, ಅಚ್ಚಾದದ್ದು ಮಿಲ್ಲಿನವರ, ಕಂಪನಿಯವರ ಮೇಜಿನ ಮೇಲೆ ಹೋಗಿ ಕೂರಬೇಕು ಎಂಬುದು ಅವರ ಹಟ.

ಆ ಪುಸ್ತಿಕೆ ಬಂದ ದಿನ ಗದಿಗೆಪ್ಪ ಹೊಸೂರರಿಗೆ ಊಟ ಸೇರುತ್ತಿರಲಿಲ್ಲ. ಅವರ ಹೆಸರಿನ ಕೆಳಗೆ ಒಂದೇ ಸಾಲು ಇರುತ್ತಿತ್ತು: ‘ಬಟ್ಟೆ ಗಿರಣಿಗಳಲ್ಲಿ ಗೈರುಹಾಜರಿ — ಅಧ್ಯಯನ ನಡೆಯುತ್ತಿದೆ.’ ಆ ಅಧ್ಯಯನ ಎಷ್ಟೋ ವರ್ಷಗಳಿಂದ ನಡೆಯುತ್ತಲೇ ಇತ್ತು. ಗದಿಗೆಪ್ಪನವರು ಸೋಮಾರಿಯಲ್ಲ. ಧಾರವಾಡದಲ್ಲಿ ಎಂ.ಎ. ಮುಗಿಸಿ ಮುಂಬಯಿಗೆ ಬಂದಾಗಿನಿಂದ ಪರೇಲ, ಲಾಲಬಾಗದ ಗಿರಣಿಗಳನ್ನು ತಿರುಗಿ ತಿರುಗಿ ಅಂಕಿಸಂಖ್ಯೆ ಕೂಡಿಹಾಕಿದ್ದರು. ಆದರೆ ಬರೆಯಲು ಕುಳಿತರೆ ಎಲ್ಲೋ ಒಂದು ಕಡೆ ಸಂಶಯ ಏಳುತ್ತಿತ್ತು. ಮತ್ತೊಂದು ಗಿರಣಿ ನೋಡಿದರಾದೀತು, ಮತ್ತೊಂದು ವರ್ಷದ ಲೆಕ್ಕ ಸಿಕ್ಕರಾದೀತು ಎಂದು ಪೆನ್ನು ಕೆಳಗಿಡುತ್ತಿದ್ದರು. ಸಂಜೆ ಕ್ಲಾಸಿಗೆ ಬರುತ್ತಿದ್ದ ಕಂಪನಿಯ ಆಫೀಸರುಗಳಿಗೆ ಅವರ ಪಾಠವೆಂದರೆ ಪ್ರಾಣ. ಅಂಕಿ ಕಂಡ ಕೂಡಲೇ ನಂಬಬೇಡಿ, ಅದನ್ನು ಬರೆದ ಕೈ ಯಾರದೆಂದು ಮೊದಲು ಕೇಳಿ ಎಂದು ಅವರು ಹೇಳುತ್ತಿದ್ದ ಮಾತು ವಿದ್ಯಾರ್ಥಿಗಳ ಬಾಯಲ್ಲಿ ಗಾದೆಯಾಗಿತ್ತು. ಆದರೆ ಪಾಠ ಪುಸ್ತಿಕೆಯಲ್ಲಿ ಅಚ್ಚಾಗುವುದಿಲ್ಲವಲ್ಲ.

ಅದೇ ಪುಸ್ತಿಕೆಯಲ್ಲಿ ಹಾಶಿಮ ಬಾಗವಾನನ ಹೆಸರಿನ ಕೆಳಗೆ ಮುಕ್ಕಾಲು ಪುಟ ತುಂಬಿರುತ್ತಿತ್ತು.

ಹಾಶಿಮನನ್ನು ಸಂಸ್ಥೆಗೆ ತಂದವರು ಗದಿಗೆಪ್ಪನವರೇ. ವಿಜಾಪುರದ ಹಣ್ಣಿನ ವ್ಯಾಪಾರಿಯ ಮಗ. ಓದು ಮುಗಿಸಿ ಕುರ್ಲಾದ ಚಾಳಿನಲ್ಲಿ, ಒಂದೊಂದೇ ಕೋಣೆಯ ವಠಾರದಲ್ಲಿ, ಅಕ್ಕನ ಮನೆಯಲ್ಲಿದ್ದುಕೊಂಡು ಕೆಲಸ ಹುಡುಕುತ್ತಿದ್ದ. ನಮ್ಮ ಕಡೆಯವನು ಎಂದು ಹೇಳಿ ಯಾರೋ ಇವರ ಬಳಿಗೆ ಕಳಿಸಿದರು. ಹುಡುಗ ಚುರುಕು, ಮಾತು ಮೆದು, ಕನ್ನಡ ಬರುತ್ತದೆ. ಗದಿಗೆಪ್ಪನವರು ಹಿಂದಿನ ಡೈರೆಕ್ಟರಿಗೆ ಹೇಳಿ ಅವನನ್ನು ತಮ್ಮ ಕೈಕೆಳಗೆ ಸಹಾಯಕನಾಗಿ ಸೇರಿಸಿಕೊಂಡರು. ಘಾಟಕೋಪರದ ತಮ್ಮ ಮನೆಗೆ ಭಾನುವಾರ ಊಟಕ್ಕೆ ಕರೆದರು. ಅವರ ಹೆಂಡತಿ ಕಾಶವ್ವ ಬಡಿದ ಜೋಳದ ರೊಟ್ಟಿ ತಿಂದು ಹಾಶಿಮ, ಮುಂಬಯಿಗೆ ಬಂದ ಮೇಲೆ ಇವತ್ತು ಹೊಟ್ಟೆ ತುಂಬಿತು ಎಂದಿದ್ದ. ಮಕ್ಕಳಿಲ್ಲದ ಕಾಶವ್ವನಿಗೆ ಆ ಮಾತು ಸಾಕಾಯಿತು. ಮುಂದೆ ಅವನು ನಜಮುನ್ನೀಸಾಳನ್ನು ಮದುವೆಯಾಗಿ ಕರೆತಂದಾಗ ಕಾಶವ್ವ ಅವಳಿಗೆ ಕುಬಸದ ಖಣ ಕೊಟ್ಟು ಉಡಿ ತುಂಬಿದಳು. ಆ ಇಬ್ಬರು ಹೆಂಗಸರೂ ಅಲ್ಲಿಂದ ಮುಂದೆ ಒಬ್ಬರನ್ನೊಬ್ಬರು ಬಿಟ್ಟಿರಲಾರದವರಾದರು.

ಹೊಸ ಡೈರೆಕ್ಟರು ಬಂದ ಎರಡೇ ವರ್ಷದಲ್ಲಿ ಹಾಶಿಮ ಸಹಾಯಕನಾಗಿ ಉಳಿಯಲಿಲ್ಲ, ಅಧ್ಯಾಪಕನಾದ. ಅವನಿಗೆ ಬರೆಯಲು ಹೆದರಿಕೆ ಇರಲಿಲ್ಲ. ತಪ್ಪಿದರೆ ತಿದ್ದಿಕೊಂಡರಾಯಿತು ಎನ್ನುತ್ತಿದ್ದ. ಪರದೇಶದ ಸ್ಟಾಂಪು ಹಚ್ಚಿದ ಲಕೋಟೆಗಳನ್ನು ಪ್ಯೂನ್ ಅವನ ಮೇಜಿಗೆ ಒಯ್ಯುವಾಗ ಗದಿಗೆಪ್ಪನವರ ಮೇಜಿನ ಮುಂದಿನಿಂದಲೇ ಹೋಗಬೇಕಾಗುತ್ತಿತ್ತು. ಡೈರೆಕ್ಟರು ಅವನನ್ನು ‘ಹಾಶಿಮ್’ ಎಂದು ಹೆಸರು ಹಿಡಿದು ಕರೆಯುತ್ತಿದ್ದರು. ಇವರನ್ನು ಮಾತ್ರ ‘ಮಿಸ್ಟರ್ ಹೊಸೂರ್’ ಎನ್ನುತ್ತಿದ್ದರು. ಅದು ಗೌರವವೆಂದು ಮೊದಮೊದಲು ಗದಿಗೆಪ್ಪನವರು ತಿಳಿದಿದ್ದರು. ಬರಬರುತ್ತ, ಬಾಗಿಲ ಹೊರಗೆ ನಿಂತವನನ್ನು ಕರೆಯುವ ರೀತಿ ಅದು ಎಂದು ಅನಿಸತೊಡಗಿತು.

ಹಾಶಿಮನ ಪ್ರಬಂಧ ಬಂದ ಸಂಚಿಕೆಯನ್ನು ಲೈಬ್ರರಿಯಿಂದ ತೆಗೆದುಕೊಂಡು ಅವರು ಕೆಂಪು ಪೆನ್ಸಿಲ್ ಹಿಡಿದು ಓದುತ್ತಿದ್ದರು. ಒಮ್ಮೆ ಒಂದು ಕೋಷ್ಟಕದಲ್ಲಿ ಕೂಡಿಸಿದ ಮೊತ್ತ ತಪ್ಪಿದ್ದು ಕಣ್ಣಿಗೆ ಬಿತ್ತು. ಆ ಇಡೀ ದಿನ ಅವರಿಗೆ ಹಬ್ಬದಂತಿತ್ತು. ಚಹಾದ ಹೊತ್ತಿಗೆ ಎಲ್ಲರೆದುರು ಅದನ್ನು ತೋರಿಸಿದರು. ಹಾಶಿಮ ನೋಡಿ ನಕ್ಕು, ಸರ್ ಒಬ್ಬರೇ ನನ್ನ ಪ್ರಬಂಧ ಪೂರ್ತಿ ಓದಿದವರು, ಉಳಿದವರೆಲ್ಲ ಹೆಸರು ನೋಡಿ ಅಭಿನಂದನೆ ಹೇಳಿದರು ಎಂದ. ಎಲ್ಲರೂ ನಕ್ಕರು. ಗದಿಗೆಪ್ಪನವರೂ ನಗಬೇಕಾಯಿತು. ಚಹಾ ಕಹಿಯಾಯಿತು.

ಮನೆಯಲ್ಲಾದರೂ ಈ ಹೆಸರು ಕೇಳದೆ ಇರಬಹುದೆಂದರೆ ಅದೂ ಇಲ್ಲ. ಹಾಶಿಮನ ಹೆಸರು ಇಂಗ್ಲಿಷ್ ಪೇಪರಿನಲ್ಲಿ ಬಂದಿತ್ತಂತೆ, ನಜಮಾ ಕತ್ತರಿಸಿ ಕನ್ನಡಿಯ ಮಗ್ಗುಲಲ್ಲಿ ಹಚ್ಚಿದ್ದಾಳೆ ಎಂದು ಕಾಶವ್ವ ರೊಟ್ಟಿ ಬಡಿಯುತ್ತ ಹೇಳಿದಳು. ಅವಳ ದನಿಯಲ್ಲಿ ಕುಹಕವೇನೂ ಇರಲಿಲ್ಲ. ತನ್ನ ತಮ್ಮನ ಸುದ್ದಿ ಹೇಳಿದಂತೆ ಹೇಳಿದ್ದಳು.

“ಪೇಪರಿನ್ಯಾಗ ದಿನಾ ಎಷ್ಟೋ ಮಂದಿ ಹೆಸರ ಬರ್ತಾವ,” ಎಂದರು ಗದಿಗೆಪ್ಪನವರು.

“ಬರ್ತಾವ್ರಿ. ನಮ್ಮ ಮಂದೀದು ಯಾವಾಗ್ಲೂ ಬರಂಗಿಲ್ಲಲ್ಲ, ಅದಕ್ಕಂದೆ,” ಎಂದಳು ಕಾಶವ್ವ.

ನಮ್ಮ ಮಂದಿ ಎಂಬ ಆ ಮಾತು ಅವರ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಅವರು ಅನ್ನ ಕಲಸಿದವರು ಹಾಗೇ ಎದ್ದರು.

೧೯೭೧ರ ಮಳೆಗಾಲ ಮುಗಿದ ಹೊತ್ತು. ಸಂಜೆ ಕ್ಲಾಸು ಮುಗಿಸಿ ಇಬ್ಬರೂ ದಾದರಿನಲ್ಲಿ ಒಂದೇ ಲೋಕಲ್ ರೈಲು ಹತ್ತುತ್ತಿದ್ದರು. ಹಾಶಿಮ ಕುರ್ಲಾದಲ್ಲಿ ಇಳಿಯುತ್ತಿದ್ದ, ಗದಿಗೆಪ್ಪನವರು ಮುಂದೆ ಹೋಗುತ್ತಿದ್ದರು. ಒಂದು ದಿನ ಬಾಗಿಲ ಬಳಿ ಕಂಬಿ ಹಿಡಿದು ನಿಂತು ಹಾಶಿಮ ತನಗೆ ಹೊಳೆದ ಒಂದು ವಿಚಾರ ಹೇಳಿದ. ವಿಕ್ರೋಳಿಯಲ್ಲಿ ಪಂಪು ತಯಾರಿಸುವ ಒಂದು ದೊಡ್ಡ ಕಾರ್ಖಾನೆ ಇತ್ತು. ಅರ್ಧ ಜನ ಕಂಪನಿಯದೇ ಕ್ವಾರ್ಟರ್ಸಿನಲ್ಲಿ ಇರುತ್ತಿದ್ದರು. ಉಳಿದವರು ಕುರ್ಲಾ, ಭಾಂಡೂಪದ ಚಾಳುಗಳಿಂದ ಬರುತ್ತಿದ್ದರು. ಹಾಶಿಮನ ಅಕ್ಕನ ಗಂಡ ಬಾಷಾ, ಗದಿಗೆಪ್ಪನವರ ಮನೆಯಲ್ಲೂ ಒಂದೆರಡು ಸಲ ಉಂಡುಹೋದವನು, ಅಲ್ಲಿಯೇ ಟೆಂಪರರಿ ಫಿಟರ್. ಅವನ ಮಾತು ಕೇಳುತ್ತ ಕೇಳುತ್ತ ಹಾಶಿಮನಿಗೆ ಅನಿಸಿತ್ತು: ಮನುಷ್ಯ ಕೆಲಸಕ್ಕೆ ತಪ್ಪಿಸಿಕೊಳ್ಳುವುದು ಪಗಾರದಿಂದಲ್ಲ, ಸ್ವಭಾವದಿಂದಲ್ಲ, ಅವನು ಇರುವ ಮನೆಯಿಂದ. ಕ್ವಾರ್ಟರ್ಸಿನವರು ಕಡಿಮೆ ತಪ್ಪಿಸುತ್ತಾರೆ, ಚಾಳಿನವರು ಹೆಚ್ಚು. ಇದು ನಿಜವೋ ಅಲ್ಲವೋ ಗೊತ್ತಿಲ್ಲ, ಅಲ್ಲಿ ಕೆಲವು ತಿಂಗಳು ಹೋಗಿ ಕೂತು ನೋಡಬೇಕು ಎಂದ.

ಗದಿಗೆಪ್ಪನವರಿಗೆ ಮೈ ಜುಮ್ಮೆಂದಿತು. ಗೈರುಹಾಜರಿ ಅವರ ವಿಷಯ, ಇಷ್ಟು ವರ್ಷ ಅವರು ಉತ್ತು ಹದಮಾಡಿದ ಹೊಲ. ಇಲ್ಲಿಯವರೆಗೆ ಹಾಶಿಮ ಅದರಲ್ಲಿ ಕಾಲಿಟ್ಟಿರಲಿಲ್ಲ. ಈಗ ದಾರಿಯಲ್ಲಿ ಹೋಗುತ್ತ ಹೋಗುತ್ತ ಒಂದು ಕಾಳು ಚೆಲ್ಲಿದಂತೆ ಚೆಲ್ಲಿದ್ದ, ಅದೂ ತಮಗೆ ಎಂದೂ ಹೊಳೆಯದ ಕಾಳು. ಮನೆ! ಇಷ್ಟು ವರ್ಷ ಪಗಾರ ನೋಡಿದರು, ವಯಸ್ಸು ನೋಡಿದರು, ಸುಗ್ಗಿಗೆ ಊರಿಗೆ ಹೋಗುವುದನ್ನು ನೋಡಿದರು. ಮನೆಯನ್ನು ನೋಡಿರಲಿಲ್ಲ.

“ಇದರಾಗ ಏನೂ ಇಲ್ಲ ಹಾಶಿಮ. ಹಗುರು ವಿಚಾರ. ನಿಲ್ಲಂಗಿಲ್ಲ,” ಎಂದರು.

ಹಾಶಿಮ ತಲೆಯಾಡಿಸಿದ. “ನೀವ ಅಂದ್ರ ಅಂದಂಗಽ ಸರ್. ಆದ್ರೂ ಒಂದ್ಸಲ ನೋಡ್ತೀನ್ರಿ,” ಎಂದು ಕುರ್ಲಾದಲ್ಲಿ ಇಳಿದುಹೋದ.

ಅವನು ಹೋಗಿ ಕೂತು ನೋಡುವುದಕ್ಕೆ ತಿಂಗಳುಗಳು ಬೇಕಿದ್ದವು. ಗದಿಗೆಪ್ಪನವರಿಗೆ ಬೇಕಿರಲಿಲ್ಲ. ಆ ಕಾರ್ಖಾನೆಯ ಪರ್ಸೊನೆಲ್ ಆಫೀಸರು ಶಂಕ್ರೆಪ್ಪ ಅವರ ಹಳೆಯ ವಿದ್ಯಾರ್ಥಿ, ಬೆಳಗಾವಿಯ ಕಡೆಯವನು. ಗುರುಗಳು ಕೇಳಿದರೆಂದು ಅವನು ಮಸ್ಟರುಗಳನ್ನು, ಅಂದರೆ ಕೂಲಿಕಾರರ ಹಾಜರಿ ಪುಸ್ತಕಗಳನ್ನು, ತನ್ನ ಕೋಣೆಗೇ ತರಿಸಿಕೊಟ್ಟ. ಗದಿಗೆಪ್ಪನವರು ರಜೆ ಹಾಕಿ ಅಲ್ಲಿ ಕೂತು ನಕಲು ಮಾಡಿಕೊಂಡರು. ಕೂಡಿಸಿ ನೋಡಿದರೆ ಹಾಶಿಮ ಹೇಳಿದಂತೆಯೇ ಬಂತು. ಕ್ವಾರ್ಟರ್ಸಿನವರಿಗಿಂತ ಚಾಳಿನವರ ಗೈರುಹಾಜರಿ ಹೆಚ್ಚುಕಡಿಮೆ ಇಮ್ಮಡಿ.

ಆಮೇಲೆ ನಡೆದದ್ದು ಅವರಿಗೇ ಅಚ್ಚರಿ. ಎಷ್ಟೋ ವರ್ಷ ಓಡದ ಪೆನ್ನು ಓಡಿತು. ಸಂಶಯ ಏಳಲಿಲ್ಲ, ಎದ್ದರೂ ಅದಕ್ಕೆ ಕಿವಿಗೊಡಲು ವೇಳೆ ಇರಲಿಲ್ಲ. ಹಿಂದೆ ಯಾರೋ ಓಡಿಬರುತ್ತಿದ್ದಾರೆ ಎಂಬಂತೆ ಬರೆದರು. ದೀಪಾವಳಿಯ ಹೊತ್ತಿಗೆ ಪ್ರಬಂಧ ಸಿದ್ಧವಾಗಿ ಕಲ್ಕತ್ತೆಯ ಒಂದು ತ್ರೈಮಾಸಿಕಕ್ಕೆ ಹೋಯಿತು. ಮುಂದಿನ ಬೇಸಿಗೆಯಲ್ಲಿ ಅಚ್ಚಾಗಿ ಬಂತು. ಪೇಪರೊಂದು ಅದರ ಸಾರಾಂಶ ಹಾಕಿತು. ಡೈರೆಕ್ಟರು ಸ್ಟಾಫ್ ರೂಮಿಗೆ ತಾವೇ ನಡೆದು ಬಂದು ಕೈ ಕುಲುಕಿದರು. ಅವರ ಬಾಯಲ್ಲಿ ಮೊದಲ ಸಲ ‘ಗದಿಗೆಪ್ಪ’ ಎಂಬ ಹೆಸರು ಮುರುಕು ಮುರುಕಾಗಿ ಬಂತು.

ಹಾಶಿಮ ಆ ಸಂಚಿಕೆಯನ್ನು ಕಿಟಕಿಯ ಬಳಿ ನಿಂತು ಓದಿದ. ಗದಿಗೆಪ್ಪನವರು ಕಣ್ಣಂಚಿನಿಂದ ನೋಡುತ್ತಲೇ ಇದ್ದರು. ಅವನು ಏನು ಕೇಳಿದರೆ ಏನು ಹೇಳಬೇಕೆಂದು ಅವರು ತಯಾರಾಗಿದ್ದರು. ವಿಚಾರ ಯಾರಪ್ಪನ ಸ್ವತ್ತೂ ಅಲ್ಲ. ಗೈರುಹಾಜರಿ ನೀನು ಹುಟ್ಟುವ ಮೊದಲಿನಿಂದ ನನ್ನ ವಿಷಯ. ನೀನು ಬರೇ ಬಾಯಲ್ಲಿ ಅಂದೆ, ನಾನು ಮಾಡಿದೆ. ಹಾಶಿಮ ಸಂಚಿಕೆ ಮಡಿಚಿಟ್ಟು ಬಂದು, ಬಹಳ ಛಲೋ ಬರೆದೀರಿ ಸರ್ ಎಂದ. ಮತ್ತೇನೂ ಕೇಳಲಿಲ್ಲ. ಆ ಸಂಜೆ ಲೋಕಲ್‌ನಲ್ಲಿ ತನ್ನ ಮಗಳಿಗೆ ಹಲ್ಲು ಬಂದದ್ದರ ಬಗ್ಗೆ ಮಾತಾಡಿದ. ತಯಾರು ಮಾಡಿಕೊಂಡ ಉತ್ತರಗಳೆಲ್ಲ ಗದಿಗೆಪ್ಪನವರ ಬಾಯಲ್ಲೇ ಉಳಿದು ಹುಳಿಯಾದವು. ಜಗಳವಾಡಿದ್ದರೆ ಅವರಿಗೆ ನಿದ್ದೆ ಬರುತ್ತಿತ್ತೇನೋ.

ಆದರೂ ಆ ವರ್ಷ ಅವರ ಜೀವನದ ಒಳ್ಳೆಯ ವರ್ಷ. ಪುಸ್ತಿಕೆಯಲ್ಲಿ ಅವರ ಹೆಸರಿನ ಕೆಳಗೆ ಪ್ರಬಂಧದ ಹೆಸರು ಬಂತು. ಮಾತಾಡಲು ಕರೆ ಬಂದವು. ಅವರು ಹೊಸ ಸೂಟು ಹೊಲಿಸಿದರು. ಯಾರಾದರೂ ಹೊಗಳಿದಾಗ ಹಾಶಿಮ ಹತ್ತಿರವಿದ್ದಾನೆಯೇ, ಕೇಳಿಸಿಕೊಂಡನೇ ಎಂದು ಮೊದಲು ನೋಡುತ್ತಿದ್ದರು. ಅವನಿಲ್ಲದ ಕಡೆ ಹೊಗಳಿಕೆಗೆ ರುಚಿ ಇರುತ್ತಿರಲಿಲ್ಲ.

ಪ್ರಬಂಧದ ಪ್ರತಿಯನ್ನು ಶಂಕ್ರೆಪ್ಪ ತನ್ನ ಮೇಲಿನವರಿಗೆ ತೋರಿಸಿದ್ದ. ಅವರು ಅದನ್ನು ಓದಿ ಒಂದು ನಿಯಮ ಮಾಡಿದರು: ಇನ್ನು ಮುಂದೆ ಕ್ವಾರ್ಟರ್ಸಿನಲ್ಲಿ ಇರುವವರನ್ನೇ ಪರ್ಮನೆಂಟ್ ಮಾಡುವುದು. ಕ್ವಾರ್ಟರ್ಸು ಸಾಲದು, ಹೊಸದಾಗಿ ಕಟ್ಟಿಸುವ ವಿಚಾರವೂ ಇಲ್ಲ. ಅಂದರೆ ಚಾಳಿನಿಂದ ಬರುವ ಟೆಂಪರರಿಗಳು ಟೆಂಪರರಿಯಾಗಿಯೇ ಉಳಿಯಬೇಕು, ಇಲ್ಲವೇ ಹೋಗಬೇಕು. ಬಾಷಾನ ಸರದಿ ಆ ವರ್ಷವೇ ಇತ್ತು. ಅವನ ಹೆಸರು ಬಿಟ್ಟುಹೋಯಿತು.

ಈ ಸುದ್ದಿ ತಂದವಳು ಕಾಶವ್ವ. ಕುರ್ಲಾಕ್ಕೆ ಹೋಗಿ ಬಂದವಳು ಸೆರಗು ಕೂಡ ಸರಿಮಾಡಿಕೊಳ್ಳದೆ ಕೇಳಿದಳು.

“ಚಾಳಿನ ಮಂದಿ ಕೆಲಸಗಳ್ಳರು ಅಂತ ನೀವ ಬರದೀರಂತ? ಖರೇ ಏನ್ರಿ?”

“ಕೆಲಸಗಳ್ಳರು ಅಂತ ಎಲ್ಲೂ ಬರದಿಲ್ಲ. ಅಂಕಿ ಏನ ಹೇಳ್ತಾವ ಅದನ್ನ ಬರದೀನಿ. ನಿಯಮ ಮಾಡಿದವ್ರು ಕಂಪನಿಯವ್ರು.”

“ಬಾಷಾ ಜ್ವರಾ ಬಂದ್ರೂ ಕೆಲಸಕ್ಕ ಹೋಗಾಂವ. ಅವನ ಹೇಂತಿ ಹಜರತಬಿ ಕಣ್ಣೀರ ಹಾಕಿದ್ಲು,” ಎಂದಳು ಕಾಶವ್ವ. “ಹಾಶಿಮ ಏನ ಅಂದ ಗೊತ್ತೇನ್ರಿ? ಸರ್ ಮ್ಯಾಲೆ ಸಿಟ್ಟ ಮಾಡಬ್ಯಾಡ ಅಕ್ಕಾ, ಅವ್ರು ತಿಳಿದಷ್ಟು ಬರದಾರ ಅಂದ.”

ತಿಳಿದಷ್ಟು! ಗದಿಗೆಪ್ಪನವರಿಗೆ ಬಾಷಾನ ಸಂಕಟ ಆ ಕ್ಷಣ ಕಾಣಲಿಲ್ಲ. ಆ ಒಂದು ಶಬ್ದ ಮಾತ್ರ ಕೇಳಿಸಿತು.

ಹಾಶಿಮ ಸುಮ್ಮನಿರಲಿಲ್ಲ. ರೈಲಿನಲ್ಲಿ ಹೇಳಿದಂತೆ ವಿಕ್ರೋಳಿಗೆ ಹೋಗುತ್ತಲೇ ಇದ್ದ. ರವಿವಾರ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತು ಜನರ ಜೊತೆ ಚಹಾ ಕುಡಿದ; ಬೆಳಿಗ್ಗೆ ಚಾಳಿನವರ ಜೊತೆ ಲೋಕಲ್ ಹತ್ತಿ ಗೇಟಿನವರೆಗೆ ನಡೆದ. ೧೯೭೩ರ ಆರಂಭದಲ್ಲಿ ಒಂದು ಮಧ್ಯಾಹ್ನ ಟೈಪು ಮಾಡಿದ ಹಾಳೆಗಳ ಕಟ್ಟು ಹಿಡಿದು ಗದಿಗೆಪ್ಪನವರ ಮೇಜಿಗೆ ಬಂದ. ಎಲ್ಲಿಗೂ ಕಳಿಸಿಲ್ಲ, ಮೊದಲು ನೀವು ಓದಬೇಕು ಎಂದ.

ಅವರು ಅವನೆದುರೇ ಓದಿದರು. ನಡುವಿನ ಪುಟ ಮುಟ್ಟುವ ಮೊದಲೇ ಕೆಂಪು ಪೆನ್ಸಿಲ್ ಕೆಳಗಿಟ್ಟರು. ಹಾಶಿಮ ಕಂಡುಕೊಂಡದ್ದು ಇಷ್ಟು: ಕ್ವಾರ್ಟರ್ಸಿನಲ್ಲಿ ಕೂಲಿಕಾರರೂ ಅವರ ಸುಪರ್ವೈಜರರೂ ಒಂದೇ ಬಿಲ್ಡಿಂಗಿನಲ್ಲಿ ಇರುತ್ತಾರೆ. ಮನೆಯವರು ಒಂದೇ ನಲ್ಲಿಗೆ ನೀರಿಗೆ ಬರುತ್ತಾರೆ, ಮಕ್ಕಳು ಒಂದೇ ಅಂಗಳದಲ್ಲಿ ಆಡುತ್ತವೆ. ಮಗ್ಗುಲ ಮನೆಯವನು ಒಂದು ದಿನ ಬರಲಿಲ್ಲವೆಂದರೆ ಸುಪರ್ವೈಜರ್ ಮಸ್ಟರಿನಲ್ಲಿ ಹಾಜರಿ ಹಾಕಿಬಿಡುತ್ತಾನೆ, ಇಲ್ಲವೇ ಹೊರಗಿನ ಕೆಲಸಕ್ಕೆ ಕಳಿಸಿದೆ ಎಂದು ಬರೆಯುತ್ತಾನೆ. ಲೋಕಲ್ ತಡವಾಗಿ ಗೇಟಿಗೆ ಬಂದ ಕುರ್ಲಾದವನಿಗೆ ಆ ದಾಕ್ಷಿಣ್ಯ ಯಾರೂ ತೋರಿಸುವುದಿಲ್ಲ. ಅವನನ್ನು ಒಳಗೇ ಬಿಡುವುದಿಲ್ಲ. ಬಂದವನೂ ಗೈರುಹಾಜರೇ. ಗದಿಗೆಪ್ಪನವರು ಅಳೆದದ್ದು ಹಾಜರಿಯನ್ನಲ್ಲ, ನೆರೆಹೊರೆಯನ್ನು.

ಬರೆದ ಕೈ ಯಾರದೆಂದು ಕೇಳಿ. ಸಾವಿರ ಸಲ ಹೇಳಿದ ಮಾತು. ಶಂಕ್ರೆಪ್ಪನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತು ನಕಲು ಮಾಡುವಾಗ ಒಂದು ಸಲವೂ ಅವರು ಅದನ್ನು ಕೇಳಿರಲಿಲ್ಲ.

ಹಾಶಿಮ ಕುರ್ಚಿ ಹತ್ತಿರ ಎಳೆದುಕೊಂಡ. “ಸರ್, ಮೊದಲ ನನಗೂ ನಿಮ್ಮಂಗಽ ಅನಿಸಿತ್ತು. ಅಲ್ಲಿ ಹೋಗದಽ ಇದ್ರ ನಾನೂ ಅದನ್ನಽ ಬರೀತಿದ್ದೆ. ಇದನ್ನ ಇಬ್ರೂ ಕೂಡಿ ಹಾಕೂಣ್ರಿ. ನಿಮ್ಮ ಹೆಸರ ಮೊದಲ ಇರ್ಲಿ. ನೀವಽ ತಿದ್ದಿದಂಗ ಆಗ್ತದ.”

ಗದಿಗೆಪ್ಪನವರು ಅವನ ಮುಖ ನೋಡಿದರು. ಅಲ್ಲಿ ವ್ಯಂಗ್ಯವಿದೆಯೇ ಎಂದು ಹುಡುಕಿದರು, ಸಿಗಲಿಲ್ಲ. ಸಿಕ್ಕಿದ್ದರೆ ಒಪ್ಪಿಕೊಳ್ಳುವುದು ಸುಲಭವಾಗುತ್ತಿತ್ತು. ಇವನು ಬರೆಯುವುದರಲ್ಲಿ ಮುಂದೆ ಹೋದ, ಹೆಸರಿನಲ್ಲಿ ಮುಂದೆ ಹೋದ. ಈಗ ದೊಡ್ಡತನದಲ್ಲೂ ಮುಂದೆ ಹೋಗಿ ಹಿಂತಿರುಗಿ ಕೈ ಚಾಚಿ ನಿಂತಿದ್ದಾನೆ ಎನಿಸಿತು. ಆ ಕೈ ಹಿಡಿಯುವುದು ಅವರಿಂದ ಆಗಲಿಲ್ಲ.

“ನನ್ನ ಹೆಸರ ಬ್ಯಾಡ. ನೀ ಬರದೀ, ನೀನಽ ಹಾಕು,” ಎಂದು ಹಾಳೆಗಳನ್ನು ಹಿಂದಕ್ಕೆ ತಳ್ಳಿದರು.

ಅಷ್ಟಕ್ಕೆ ನಿಲ್ಲಿಸಿದ್ದರೆ ಒಂದು ರೀತಿ. ಮರುದಿನ ಅವರು ಡೈರೆಕ್ಟರ ಕೋಣೆಗೆ ಹೋದರು. ಹಾಶಿಮನ ಹೊಸ ಕೆಲಸವನ್ನು ಮೊದಲು ಹೊಗಳಿದರು. ಆಮೇಲೆ, ಸಂಸ್ಥೆಯ ಹೆಸರಿನ ಮೇಲಿನ ಕಾಳಜಿಯಿಂದ ಹೇಳುತ್ತಿದ್ದೇನೆ ಎಂಬಂತೆ, ಆ ಕಾರ್ಖಾನೆಯಲ್ಲಿ ಹಾಶಿಮನ ಅಕ್ಕನ ಗಂಡನಿದ್ದಾನೆ, ಅವನಿಗೆ ಪರ್ಮನೆಂಟ್ ಆಗಿಲ್ಲ, ಅದು ನಾಳೆ ಯಾರ ಬಾಯಿಗಾದರೂ ಬಿದ್ದರೆ ಏನು ಗತಿ ಎಂದರು. ಮಾತು ಮುಗಿಸಿ ಹೊರಗೆ ಬಂದಾಗ ಎದೆ ಹಗುರಾಗಿತ್ತು. ಮೆಟ್ಟಿಲು ಇಳಿದು ಕೆಳಗಿನ ಇರಾನಿ ಹೋಟೆಲಿನಲ್ಲಿ ಗರಿಗರಿ ಬ್ರೂನ್ ಪಾವು, ಬೆಣ್ಣೆ ತರಿಸಿಕೊಂಡು ತಿಂದರು. ಬಹಳ ದಿನದ ಮೇಲೆ ಹಸಿವಾಗಿತ್ತು.

ಡೈರೆಕ್ಟರು ಎಚ್ಚರಿಕೆಯ ಮನುಷ್ಯ. ಪ್ರಬಂಧವನ್ನು ಹೊರಗೆ ಕಳಿಸುವ ಮೊದಲು ಸಂಸ್ಥೆಯಲ್ಲಿಯೇ ಎಲ್ಲರೆದುರು ಓದಲಿ ಎಂದರು. ಕಾರ್ಖಾನೆಯವರನ್ನೂ ಕರೆಸಿದರು. ಮುಂದಿನ ಸಾಲಿನಲ್ಲಿ ಶಂಕ್ರೆಪ್ಪ, ಅವನ ಮಗ್ಗುಲಲ್ಲಿ ಅವನ ಇಬ್ಬರು ಸಾಹೇಬರು. ಗದಿಗೆಪ್ಪನವರು ಗೋಡೆಯ ಪಕ್ಕದ ಕುರ್ಚಿ ಹಿಡಿದಿದ್ದರು. ಹಾಶಿಮ ಬಿಳಿ ಅಂಗಿ ಹಾಕಿಕೊಂಡು ಬಂದು ತಡವರಿಸದೆ ಇಂಗ್ಲಿಷಿನಲ್ಲಿ ಓದಿದ. ಹಿಂದಿನ ಅಧ್ಯಯನವನ್ನು ಹೆಸರಿಸುವಾಗ ‘ನನಗೆ ಈ ವಿದ್ಯೆ ಕಲಿಸಿದವರು’ ಎಂದು ಗದಿಗೆಪ್ಪನವರ ಕಡೆ ಕೈ ತೋರಿಸಿದ. ಜನ ತಿರುಗಿ ನೋಡಿದರು. ಅವರಿಗೆ ಕುರ್ಚಿಯಲ್ಲಿ ಮುಳ್ಳಿದ್ದಂತಾಯಿತು.

ಓದು ಮುಗಿದ ಕೂಡಲೇ ಶಂಕ್ರೆಪ್ಪ ಎದ್ದ. ಡೈರೆಕ್ಟರು ಅವನ ಸಾಹೇಬರಿಗೆ ಮೊದಲೇ ಸೂಚನೆ ಕೊಟ್ಟಿರಬೇಕು. ತಮ್ಮಲ್ಲಿ ಕೆಲಸ ಮಾಡುವ ಬಾಷಾ ಎಂಬ ಫಿಟರ್ ನಿಮಗೆ ಏನಾಗಬೇಕು ಎಂದು ಕೇಳಿದ. ಸಭೆಯಲ್ಲಿ ಗುಜುಗುಜು ಎದ್ದಿತು.

ಹಾಶಿಮನ ಕಣ್ಣು ಗೋಡೆಯ ಪಕ್ಕಕ್ಕೆ ಬಂದು ಒಂದು ಗಳಿಗೆ ನಿಂತಿತು. ಆ ಸಂಬಂಧ ಈ ಕಟ್ಟಡದಲ್ಲಿ ಗೊತ್ತಿದ್ದದ್ದು ಒಬ್ಬರಿಗೇ. ಆಮೇಲೆ ಅವನು, ಬಾಷಾ ನನ್ನ ಅಕ್ಕನ ಗಂಡ, ಅದನ್ನು ಮುಚ್ಚಿಡುವ ಕಾರಣವಿಲ್ಲ, ಅದಕ್ಕಾಗಿಯೇ ಅವನನ್ನೂ ಅವನು ಕೆಲಸ ಮಾಡುವ ವಿಭಾಗವನ್ನೂ ಈ ಅಧ್ಯಯನದಿಂದ ಹೊರಗಿಟ್ಟಿದ್ದೇನೆ ಎಂದ. ಆದರೆ ಗುಜುಗುಜು ನಿಲ್ಲಲಿಲ್ಲ. ಸಾಹೇಬರಲ್ಲೊಬ್ಬರು, ಸ್ವಂತದವರ ಸಲುವಾಗಿ ಬರೆದದ್ದನ್ನು ಸಂಶೋಧನೆ ಎನ್ನಬಹುದೇ ಎಂದು ನಗುತ್ತ ಕೇಳಿದರು.

ಡೈರೆಕ್ಟರಿಗೆ ದಿಕ್ಕು ತೋಚಲಿಲ್ಲ. “ಮಿಸ್ಟರ್ ಹೊಸೂರ್, ಈ ವಿಷಯದಲ್ಲಿ ನಮ್ಮಲ್ಲಿ ಹಿರಿಯರು ನೀವು. ಏನನ್ನುತ್ತೀರಿ?” ಎಂದರು.

ಗದಿಗೆಪ್ಪನವರು ಎದ್ದು ನಿಂತರು. ಇನ್ನೂ ಪರಿಶೀಲಿಸಬೇಕು ಎಂದರೆ ಸಾಕಿತ್ತು. ತಮ್ಮ ಪ್ರಬಂಧ ಉಳಿಯುತ್ತಿತ್ತು, ಹಾಶಿಮನದು ಕಪಾಟು ಸೇರುತ್ತಿತ್ತು. ಆ ವಾಕ್ಯ ಅವರ ನಾಲಿಗೆಯ ಮೇಲೆ ಇತ್ತು. ಆಗ ಅವರ ಕಣ್ಣಿಗೆ ಹಿಂದಿನ ಸಾಲುಗಳು ಬಿದ್ದವು. ಸಂಜೆ ಕ್ಲಾಸಿನ ವಿದ್ಯಾರ್ಥಿಗಳು ಅಲ್ಲಿ ಕೂತಿದ್ದರು, ಅವರೇ ಕಲಿಸಿದವರು, ಪೆನ್ನು ಹಿಡಿದುಕೊಂಡು ಅವರು ಏನು ಹೇಳುತ್ತಾರೆಂದು ಬರೆದುಕೊಳ್ಳಲು ಕಾಯುತ್ತಿದ್ದರು. ಹೊಟ್ಟೆಕಿಚ್ಚು ಅವರಿಂದ ಏನೇನನ್ನೋ ಮಾಡಿಸಿತ್ತು. ತಪ್ಪು ಲೆಕ್ಕವನ್ನು ಸರಿ ಎಂದು ವಿದ್ಯಾರ್ಥಿಗಳ ಎದುರು ಹೇಳಿಸುವುದು ಮಾತ್ರ ಅದರಿಂದಲೂ ಆಗಲಿಲ್ಲ.

ಬಾಗವಾನ್ ಹೇಳಿದ್ದು ಸರಿ, ನಾನು ಬರೆದದ್ದು ತಪ್ಪು ಎಂದರು. ಮಸ್ಟರನ್ನು ಯಾರು ಬರೆಯುತ್ತಾರೆ, ಹೇಗೆ ಬರೆಯುತ್ತಾರೆ ಎಂದು ನಾನು ಕೇಳಲಿಲ್ಲ, ಅವರು ಕೇಳಿದರು. ಅಕ್ಕನ ಗಂಡ ಇದ್ದರೂ ಇಲ್ಲದಿದ್ದರೂ ಈ ಲೆಕ್ಕ ಹೀಗೆಯೇ ಬರುತ್ತದೆ. ಸಂಶಯವಿದ್ದವರು ನಾಳೆ ಬೆಳಿಗ್ಗೆ ಗೇಟಿನ ಮುಂದೆ ಹೋಗಿ ನಿಂತು ನೋಡಬಹುದು. ಇಷ್ಟು ಹೇಳಿ ಕೂತರು. ಈ ವಿಚಾರ ಮೊದಲು ಹೊಳೆದದ್ದು ಯಾರಿಗೆ, ತಾವು ಅದನ್ನು ಎಲ್ಲಿ ಕೇಳಿದ್ದು ಎಂಬುದನ್ನು ಹೇಳಲಿಲ್ಲ. ಅಷ್ಟು ಶಕ್ತಿ ಅವರಲ್ಲಿ ಇರಲಿಲ್ಲ.

ಸಭೆ ಮುಗಿದು ಜನ ಇಳಿದುಹೋದ ಮೇಲೆ ಮೆಟ್ಟಿಲ ತಿರುವಿನಲ್ಲಿ ಹಾಶಿಮ ಕಾಯುತ್ತಿದ್ದ.

“ಬಾಷಾನ ಮಾತು ಡೈರೆಕ್ಟರ್‌ಗೆ ಹೇಳಿದವ್ರು ನೀವಽ ಏನ್ರಿ ಸರ್?”

“ಹೌದು.”

“ಯಾಕ್ರಿ?”

ಗದಿಗೆಪ್ಪನವರು ಕಟಾಂಜನದ ಕಬ್ಬಿಣ ಹಿಡಿದುಕೊಂಡರು. ಸುಳ್ಳು ಹೇಳಲು ಬೇಕಾದಷ್ಟು ದಾರಿ ಇದ್ದವು, ಯಾವುದೂ ಬೇಡವೆನಿಸಿತು.

“ನಿನ್ನ ಕಂಡ್ರ ನನಗ ತಡಕೊಳ್ಳಾಕ ಆಗಂಗಿಲ್ಲ ಹಾಶಿಮ,” ಎಂದರು. “ನೀ ಕೆಟ್ಟಾಂವ ಇದ್ದಿದ್ರ ಛಲೋ ಆಗ್ತಿತ್ತು.”

ಹಾಶಿಮ ಕೈಯಲ್ಲಿದ್ದ ಹಾಳೆಗಳನ್ನು ಮಡಿಚಿದ. “ರೈಲಿನ್ಯಾಗಿನ ವಿಚಾರ ನೀವ ಬರದದ್ದನ್ನ ನಾ ಆವತ್ತಽ ಮನಸಿನಿಂದ ಬಿಟ್ಟಿದ್ದೆ,” ಎಂದ. “ವಿಚಾರ ಹೋದ್ರ ಇನ್ನೊಂದ ಬರ್ತದ. ಬಾಷಾನ ಹೆಸರ ಮಾತ್ರ ನಡುವ ತರಬಾರದಿತ್ತು ನೀವು. ನಿಮ್ಮ ಮನ್ಯಾಗ ಉಂಡಾಂವ ಅವ.” ಇಷ್ಟು ಹೇಳಿ ಮೆಟ್ಟಿಲಿಳಿದು ಹೋದ. ಆ ದಿನದಿಂದ ಅವನು ಬೇರೆ ಲೋಕಲ್ ಹಿಡಿಯತೊಡಗಿದ.

ಪ್ರಬಂಧ ಅಚ್ಚಾಯಿತು. ಕಾರ್ಖಾನೆಯವರು ಬಾಯಿಬಿಟ್ಟು ತಪ್ಪಾಯಿತು ಎನ್ನಲಿಲ್ಲ, ಆದರೆ ಕ್ವಾರ್ಟರ್ಸಿನ ನಿಯಮವನ್ನು ಸದ್ದಿಲ್ಲದೆ ಕೈಬಿಟ್ಟರು. ಕೆಲವು ಚಾಳಿನವರು ಪರ್ಮನೆಂಟ್ ಆದರು. ಬಾಷಾನಿಗೆ ಅದರಿಂದ ಏನೂ ಆಗಲಿಲ್ಲ. ಅಷ್ಟರಲ್ಲಿ ಅವನು ಬೇಸತ್ತು ಕೆಲಸ ಬಿಟ್ಟು ಕುರ್ಲಾದಲ್ಲೇ ಒಂದು ಲೇಥಿನ ಕಾರ್ಖಾನೆ ಸೇರಿದ್ದ. ಅಲ್ಲಿ ಪಗಾರ ಕಡಿಮೆ, ಕಣ್ಣಿಗೆ ಶ್ರಮ ಹೆಚ್ಚು. ಗದಿಗೆಪ್ಪನವರು ಶಂಕ್ರೆಪ್ಪನ ಬಳಿಗೆ ಹೋಗಿ ಬಾಷಾನನ್ನು ಹಿಂದಕ್ಕೆ ಕರೆಸಿಕೊಳ್ಳುವಂತೆ ಕೇಳಿಕೊಂಡರು. ಶಂಕ್ರೆಪ್ಪ, ಗುರುಗಳೇ, ನಿಮ್ಮ ಪ್ರಬಂಧ ತೋರಿಸಿ ಒಮ್ಮೆ ಬೈಸಿಕೊಂಡಿದ್ದೇನೆ, ಇನ್ನು ನನ್ನಿಂದಾಗದು ಎಂದು ಕೈಮುಗಿದ.

ಕಾಶವ್ವನಿಗೆ ಎಲ್ಲ ಗೊತ್ತಾಗಿತ್ತು. ನಜಮುನ್ನೀಸಾ ಹೇಳಿದಳೋ, ತಾನೇ ಊಹಿಸಿದಳೋ. ಅವಳು ಬೈಯಲಿಲ್ಲ. ಭಾನುವಾರ ಮಾತ್ರ ಅಡಿಗೆ ಬೇಗ ಮುಗಿಸಿ, ಒಂದು ಡಬ್ಬಿ ಕಟ್ಟಿಕೊಂಡು, ಹೋಗಿ ಬರುತ್ತೇನೆ ಎಂದು ಒಬ್ಬಳೇ ಕುರ್ಲಾಕ್ಕೆ ಹೋಗುತ್ತಿದ್ದಳು. ಅವರು ಇಡೀ ಮಧ್ಯಾಹ್ನ ಖಾಲಿ ಮನೆಯಲ್ಲಿ ಕೂತಿರುತ್ತಿದ್ದರು. ತಮ್ಮ ಹೆಂಡತಿಯ ಕೈಯ ರೊಟ್ಟಿ ಅಲ್ಲಿ ಹಂಚಿಹೋಗುತ್ತಿರಬಹುದು, ಅಲ್ಲಿ ನಗು ಇರಬಹುದು ಎಂದು ಅನಿಸಿ, ಅದಕ್ಕೂ ಸಂಕಟಪಡುತ್ತಿದ್ದರು.

೧೯೭೪ರಲ್ಲಿ ಹಾಶಿಮನಿಗೆ ಹೈದರಾಬಾದಿನ ಒಂದು ಕಾಲೇಜಿನಿಂದ ದೊಡ್ಡ ಹುದ್ದೆ ಬಂತು. ಸಂಸ್ಥೆಯಲ್ಲಿ ಬೀಳ್ಕೊಡುವ ಸಮಾರಂಭ ನಡೆದಾಗ ಗದಿಗೆಪ್ಪನವರು ಚಪ್ಪಾಳೆ ತಟ್ಟಿದರು, ಹಾರವನ್ನೂ ಡೈರೆಕ್ಟರು ಅವರ ಕೈಯಿಂದಲೇ ಹಾಕಿಸಿದರು. ಹಾಶಿಮ ಬಗ್ಗಿ ನಮಸ್ಕಾರ ಮಾಡಿದ. ಅವನು ಹೋದರೆ ಮನಸ್ಸು ತಣ್ಣಗಾದೀತು ಎಂದು ಅವರು ನಂಬಿದ್ದರು.

ಹೊರಡುವ ದಿನ ಕಾಶವ್ವ ಸ್ಟೇಷನ್ನಿಗೆ ಹೋದಳು. ನೀವೂ ಬರ್ರಿ ಎಂದು ಕರೆದಳು, ಅವರು ತಲೆನೋವೆಂದರು. ಸಂಜೆ ಅವಳು ತಿರುಗಿ ಬಂದಾಗ ಕಣ್ಣು ಕೆಂಪಾಗಿದ್ದವು. ನೀರು ಕುಡಿದು ನೆಲದ ಮೇಲೆ ಕೂತಳು. ಗದಿಗೆಪ್ಪನವರು ಪೇಪರ್ ಹಿಡಿದುಕೊಂಡೇ ಇದ್ದರು, ಓದುತ್ತಿರಲಿಲ್ಲ. ಅವಳು ಒಂದೊಂದಾಗಿ ಹೇಳಿದಳು. ಮಗು ತನ್ನ ಸೆರಗು ಬಿಡಲಿಲ್ಲವಂತೆ. ಬಾಷಾನೂ ಹಜರತಬಿಯೂ ಬಂದಿದ್ದರಂತೆ. ಗಾಡಿ ಬಿಡುವ ಮುಂಚೆ ಹಾಶಿಮ ಕಿಟಕಿಯಿಂದ ಕರೆದು ಒಂದು ಮಾತು ಹೇಳಿ ಕಳಿಸಿದ್ದ.

“ಸರ್ ಅವತ್ತ ಸಭಾದಾಗ ಎದ್ದು ನಿಂತದ್ದು ನಾ ಮರಿಯಂಗಿಲ್ಲ ಅಂತ ಹೇಳು ಅಂದ. ನನಗ ಅಷ್ಟು ಧೈರ್ಯ ಇರ್ತಿತ್ತೋ ಇಲ್ಲೋ ಅಂದ.”

ಆ ಮಾತು ಅವನ ಒಳಗಿನಿಂದ ಬಂದದ್ದೆಂದು ಗದಿಗೆಪ್ಪನವರಿಗೆ ಗೊತ್ತಿತ್ತು. ಒಂದು ಕ್ಷಣ ಎಲ್ಲವೂ ಕರಗಿದಂತೆ ಆಯಿತು. ಆದರೆ ಆ ಕ್ಷಣದ ಹಿಂದೆಯೇ ಹಳೆಯ ಬೇನೆ ತಲೆಯೆತ್ತಿತು: ಇಂಥ ಮಾತು ನನಗೆ ಹೊಳೆಯಲಿಲ್ಲವಲ್ಲ, ಹಾರ ಹಾಕುವಾಗ ನಾನೇ ಏನಾದರೂ ಹೇಳಬಹುದಿತ್ತಲ್ಲ.

ಅವರು ಪೇಪರು ಮಡಿಚಿ ಪಕ್ಕಕ್ಕಿಟ್ಟರು.

“ಅಲ್ಲಿ ಅವಗ ಇರಾಕ ಮನಿ ಕೊಟ್ಟಾರಂತೇನು?” ಎಂದು ಕೇಳಿದರು.

“ಕೊಟ್ಟಾರಂತ. ಬಂಗಲೆ. ಸುತ್ತೂ ಕಡೆ ಹಿತ್ತಲ ಐತಂತ,” ಎಂದಳು ಕಾಶವ್ವ, ಕಣ್ಣೊರೆಸಿಕೊಳ್ಳುತ್ತ.

“ದೊಡ್ಡದ ಇರಬೇಕು,” ಎಂದರು ಗದಿಗೆಪ್ಪನವರು. ಕಾಶವ್ವ ಅವರ ಮುಖ ನೋಡಿದಳು. ಎದ್ದು ಒಲೆಯ ಕಡೆ ಹೋದಳು.